ಒಂಬತ್ತು ಕಂಡಿಗಳು

ಮಳೆಯ ದಪ್ಪ ಹನಿಗಳು ಶುರುವಾಗುವ ಹೊತ್ತಿಗೆ ಮಗಳು ಜೀಪಿನಿಂದ ಇಳಿದು ರಸ್ತೆಯ ಅಂಚಿಗೆ ಓಡಿಬಂದು ನೋಡಿದಳು. ಕಲ್ಲುಸಾಲಿನಲ್ಲಿ ತಾನು ಬಿಡಿಸಿದ್ದ ಒಂಬತ್ತು ಕಂಡಿಗಳಲ್ಲಿ ಒಂದೂ ಇರಲಿಲ್ಲ. ಕಂಡಿ ಇದ್ದ ಕಡೆಯಲ್ಲೆಲ್ಲ ಹೊಸ ಸಿಮೆಂಟು, ನುಣ್ಣಗೆ, ಹಳೆಯ ಕಲ್ಲಿಗೆ ಕೂದಲೆಳೆಯಷ್ಟೂ ಏರುಪೇರಿಲ್ಲದೆ ಕೂತಿತ್ತು. ಇಷ್ಟು ಅಚ್ಚುಕಟ್ಟಾಗಿ ಕರಣೆ ಆಡಿಸುವವರು ಅವಳಿಗೆ ಗೊತ್ತಿದ್ದಂತೆ ಒಬ್ಬರೇ. ಅವರು ಛತ್ರಿ ಹಿಡಿದು ಪಕ್ಕದಲ್ಲೇ, ಶಾಬಾಸ್‌ಗಿರಿಗೆ ಕಾಯುವವರಂತೆ ನಿಂತಿದ್ದರು.

"ಅಪ್ಪ, ಇದು ನೀನು ಮಾಡಿದ್ದಾ?"

"ಇನ್ಯಾರು ಮಾಡ್ತಾರೆ? ನೀನು ಟ್ರೈನಿಂಗಿಗೆ ಅಂತ ಹೋದ ದಿನವೇ ಬಂದೆ. ನಾಲ್ಕು ದಿನ ಬೆಳಗ್ಗೆ ಸಂಜೆ ನೀರು ಹಾಕಿದ್ದೀನಿ." ಗಾರೆ ಮೇಸ್ತ್ರಿಯಾದ ಅಪ್ಪ ದನಿ ತಗ್ಗಿಸಿದರು. "ಟೀ ಅಂಗಡಿಯವನು ಎಲ್ಲರ ಮುಂದೆ ಕೇಳಿಬಿಟ್ಟ ಕಣೆ, ಇಂಜಿನಿಯರಮ್ಮನ ಕಲ್ಲುಸಾಲು ಯಾಕೆ ಹಲ್ಲುದುರಿದ ಹಾಗಿದೆ ಅಂತ. ನಾನು ನಲವತ್ತು ವರ್ಷದಲ್ಲಿ ಒಂದು ಕೆಲಸಾನೂ ಅರ್ಧಕ್ಕೆ ಬಿಟ್ಟವನಲ್ಲ. ನಿನ್ನ ಕೂಲಿಯವರು ಬಿಟ್ಟು ಹೋದರೆ ಕೆಡೋದು ನಿನ್ನ ಹೆಸರಲ್ವಾ?"

ಮಗಳಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಯ್ಯೋ ಅನ್ನಿಸಿತು. ತಪ್ಪು ತನ್ನದೂ ಹೌದು. ಮನೆಯಲ್ಲಿ ಗಿಡಗಳ ಬಗ್ಗೆ ಗಂಟೆಗಟ್ಟಲೆ ಕೊರೆದಿದ್ದವಳು ಕಂಡಿಗಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಕಲ್ಲುಸಾಲಿನ ಆಚೆಗೆ ರಸ್ತೆಯುದ್ದಕ್ಕೂ ಸೊಂಟದಾಳ ಅಗೆದು ಜಲ್ಲಿ, ಮರಳು ತುಂಬಿ, ಮೇಲೆ ಮೊಣಕಾಲಾಳದ ತಗ್ಗು ಬಿಟ್ಟು ಜೊಂಡುಹುಲ್ಲು ಬೆಳೆಸಿದ್ದರು. ಇಳಿಜಾರಿನಲ್ಲಿ ಓಡಿಬರುವ ಮಳೆನೀರು ಕಂಡಿಗಳಲ್ಲಿ ನುಗ್ಗಿ ಈ ತೋಟಕ್ಕಿಳಿದು ಇಂಗಬೇಕು. ಇಲ್ಲದಿದ್ದರೆ ಅದು ನೆಟ್ಟಗೆ ಹೋಗುವುದು ರಸ್ತೆಯ ತುದಿಯ ಹೆರಿಗೆ ಆಸ್ಪತ್ರೆಗೆ. ಹೋದ ವರ್ಷ ಬಾಣಂತಿಯರನ್ನು ಕುರ್ಚಿಯಲ್ಲಿ ಕೂರಿಸಿ ಮಹಡಿಗೆ ಹೊತ್ತಿದ್ದರು. ಮಳೆ ಈಗ ಮೊದಲಿನಂತಿಲ್ಲ, ತಿಂಗಳಿಗಾಗುವಷ್ಟನ್ನು ಒಂದೇ ಮಧ್ಯಾಹ್ನ ಸುರಿದುಬಿಡುತ್ತದೆ, ಚರಂಡಿ ಎಷ್ಟು ಅಗಲ ಮಾಡಿದರೂ ಸಾಲದು ಎಂದು ಜಗಳವಾಡಿಯೇ ಮಗಳು ಈ ತೋಟ ಮಾಡಿಸಿದ್ದಳು. ಹಿರಿಯ ಇಂಜಿನಿಯರ್ ಸಾಹೇಬರು ಒಪ್ಪಿದ್ದು ಒಂದೇ ಮಾತಿನ ಮೇಲೆ: ಮೊದಲ ದೊಡ್ಡ ಮಳೆಗೆ ಆಸ್ಪತ್ರೆಯೊಳಕ್ಕೆ ನೀರು ಬಂದರೆ ಗುಂಡಿ ಮುಚ್ಚಿಸಿ ಗಾಡಿ ನಿಲ್ಲಿಸುವ ಜಾಗ ಮಾಡುವುದು. ಅವರು ಆಗಲೇ ಆಸ್ಪತ್ರೆಯ ಬಾಗಿಲಲ್ಲಿ ಬಂದು ನಿಂತಿದ್ದರು.

ಇಷ್ಟನ್ನೂ ಮಗಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಮೇಸ್ತ್ರಿ ರಸ್ತೆ ನೋಡಿದರು. ಕೆಂಪು ನೀರು ಕಲ್ಲುಸಾಲನ್ನು ತಡವಿಕೊಂಡು, ಒಳಗೆ ದಾರಿ ಸಿಗದೆ, ಕೆಳಕ್ಕೆ ಓಡುತ್ತಿತ್ತು. ನೀರಿನ ಓಟವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಛತ್ರಿ ಮಡಚಿ ಗೋಡೆಗೆ ಒರಗಿಸಿದರು.

"ಜೀಪಲ್ಲಿ ಹಾರೆ ಇದೆಯಾ?"

"ಇದೆ. ಸುತ್ತಿಗೇನೂ ಇದೆ."

ಮಗಳು ಎದುರಿಗಿದ್ದ ಮೊದಲನೆಯದಕ್ಕೇ ಸಿಟ್ಟೆಲ್ಲ ಹಾಕಿ ಕುಕ್ಕಿದಳು. ಹಾರೆ ಠಣ್ಣೆಂದು ಎಗರಿತು. ಸಿಮೆಂಟಿನ ಮೇಲೆ ಒಂದು ಬಿಳಿ ಗೀರು ಬಿತ್ತು, ಅಷ್ಟೇ.

"ನಟ್ಟನಡುವೆ ಹೊಡೆದರೆ ಅದು ಜಗ್ಗಲ್ಲ," ಎಂದರು ಮೇಸ್ತ್ರಿ. ಆ ದನಿಯಲ್ಲಿ ಸಂಕಟ ಎಷ್ಟಿತ್ತೋ ಹೆಮ್ಮೆಯೂ ಅಷ್ಟೇ ಇತ್ತು. "ಕಲ್ಲಿಗೂ ಸಿಮೆಂಟಿಗೂ ಸೇರೋ ಸಂದಿಗೆ ಹಾಕಬೇಕು. ಇದನ್ನ ಬಿಡು ಈಗ, ಆರನೇದಕ್ಕೆ ಬಾ."

"ಆರನೇದೇ ಯಾಕೆ?"

ಮೇಸ್ತ್ರಿ ಅತ್ತಿತ್ತ ನೋಡಿದರು. "ಅಲ್ಲಿಗೆ ಬರೋ ಹೊತ್ತಿಗೆ ಸಿಮೆಂಟು ಮುಗೀತಾ ಬಂದಿತ್ತು. ಆರರಿಂದ ಆಚೆಗೆ ಮರಳು ಒಂಚೂರು ಜಾಸ್ತಿ ಹಾಕಿದೀನಿ. ಯಾರ ಹತ್ರನೂ ಹೇಳಬೇಡ."

ಆರನೆಯದು ಮೂರೇ ಏಟಿಗೆ ಬಾಯಿಬಿಟ್ಟಿತು. ನೀರು ಒಂದು ಗಳಿಗೆ ತಡವರಿಸಿ, ಪಕ್ಕಕ್ಕೆ ತಿರುಗಿ, ಜೊಂಡಿನೊಳಕ್ಕೆ ಧುಮುಕಿತು. ಏಳು, ಎಂಟು, ಒಂಬತ್ತು ಬೇಗನೆ ಬಿದ್ದವು. ಉಳಿದ ಐದರ ಜೊತೆ ಮಾತ್ರ ಗುದ್ದಾಟವೇ ಆಯಿತು. ಮಗಳು ಹಾರೆ ಊರಿ ಹಿಡಿಯುವಳು, ಅಪ್ಪ ಅದರ ತಲೆಗೆ ಸುತ್ತಿಗೆಯಿಂದ ಬಡಿಯುವರು. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು.

"ಎಷ್ಟು ಗಟ್ಟಿ ಹಾಕಿದ್ದೀಯಪ್ಪ," ಮಗಳು ಏದುಸಿರು ಬಿಟ್ಟಳು.

"ನಿನ್ನ ಕೆಲಸ ಅಂತ ಹಾಕಿದ್ದು," ಎಂದರು ಮೇಸ್ತ್ರಿ, ಮತ್ತೆ ಸುತ್ತಿಗೆ ಎತ್ತಿದರು.

ನೀರು ಆಸ್ಪತ್ರೆಯ ಮೊದಲ ಮೆಟ್ಟಿಲು ಹತ್ತಿತು. ಎರಡನೆಯದನ್ನು ಹತ್ತಲಿಲ್ಲ. ಬಾಗಿಲಿಗೆ ಅಡ್ಡ ಇಡಲು ಮರಳಿನ ಚೀಲ ಹಿಡಿದು ನಿಂತಿದ್ದ ನರ್ಸ್ ಅದನ್ನು ಮೂಲೆಗಿಟ್ಟು ಒಳಗೆ ಹೋದಳು.

ಮಳೆ ಇಳಿದ ಮೇಲೆ ಸಾಹೇಬರು ಪ್ಯಾಂಟು ಮಡಚಿಕೊಂಡು ಮೇಲೆ ಬಂದರು. ತೋಟ ಕೆರೆಯಂತೆ ತುಂಬಿತ್ತು, ಜೊಂಡಿನ ತಲೆಗಳು ಮಾತ್ರ ಹೊರಗಿದ್ದವು. ಬಹಳ ಹೊತ್ತು ನೋಡಿ, "ತೋಟ ಇರಲಿ. ಮುಂದಿನ ರಸ್ತೆಗೂ ನಕ್ಷೆ ತಯಾರು ಮಾಡಮ್ಮ," ಎಂದರು. ಆಮೇಲೆ ಅವರ ಕಣ್ಣು ಒರಟೊರಟಾಗಿ ಒಡೆದುಕೊಂಡಿದ್ದ ಕಲ್ಲುಸಾಲಿನ ಮೇಲೆ ಬಿತ್ತು. "ಆದರೆ ಈ ಅರ್ಧಂಬರ್ಧ ಕೆಲಸ ಯಾರದು?"

ಮಗಳು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಮುಂದೆ ಬಂದರು. ಎದುರಿನ ಟೀ ಅಂಗಡಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ನಂದು, ಸಾಹೇಬರೇ. ನಲವತ್ತು ವರ್ಷದಲ್ಲಿ ಅರ್ಧಕ್ಕೆ ಬಿಟ್ಟಿದ್ದು ಇದೊಂದೇ. ಪೂರ್ತಿ ಮಾಡ್ತೀನಿ ಅಂತ ಯಾರಾದರೂ ಕರಣೆ ಹಿಡ್ಕೊಂಡು ಬಂದರೆ, ನನಗೊಂದು ಮಾತು ಹೇಳಿ ಕಳಿಸಿ."