ಬಳ್ಳಿಗೆ ಕಟ್ಟಿದ ಕೆಂಪು ರೇಷ್ಮೆ

ಹೊಸ ಇಳಕಲ್ ಸೀರೆಯ ಗಂಜಿ ವಾಸನೆ ಬಂದರೆ ಈಗಲೂ ನನಗೆ ಹೀರೆಬಳ್ಳಿ ನೆನಪಾಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಗಾಳಿಗೆ, ನಾನೇ ನೆಟ್ಟಿದ್ದ ಎಳೆಯ ಹೀರೆಬಳ್ಳಿ ಗೋಡೆಯಿಂದ ಜಾರಿ ಬಿದ್ದಿತ್ತು. ಎತ್ತಿ ಕಟ್ಟಲು ಅಜ್ಜಿಯ ಮಗ್ಗದ ಬಳಿಯಿದ್ದ ಕೆಂಪು ಎಳೆಗಳನ್ನು ತಂದೆ. ಉಳಿಕೆ ನೂಲೆಂದು ತಿಳಿದಿದ್ದೆ. ಅಥವಾ ಹಾಗೆ ತಿಳಿದಿದ್ದೆನೆಂದು ಈಗ ಹೇಳಿಕೊಳ್ಳುತ್ತಿದ್ದೇನೆ. ಅದು ಅಜ್ಜಿ ಮಾರಲು ನೇಯುತ್ತಿದ್ದ ಸೀರೆಯ ಸೆರಗಿಗೆಂದು ಬಣ್ಣ ಹಾಕಿಸಿದ್ದ ರೇಷ್ಮೆ.

“ಏ ಹುಚ್ಚಿ, ಗ್ವಾಡಿಗೆ ಸೀರಿ ಉಡಸಾಕ ಹತ್ತೀಯೇನ?” ಬಾಗಿಲಲ್ಲಿ ಅಜ್ಜಿ ನಿಂತಿದ್ದಳು.

“ಬಿಚ್ಚಲೇನಬೇ?” ಎಂದೆ, ಗಂಟಿಗೆ ಕೈ ಹಾಕುತ್ತ.

“ಬ್ಯಾಡ, ಕುಡಿ ಮುರೀತೈತಿ. ಗಂಟರೆ ಸಡ್ಲ ಹಾಕು, ಅದೂ ಉಸರಾಡ್ಲಿ.”

ಆ ಸೀರೆಯ ಸೆರಗು ಒಂದು ಗೇಣು ಗಿಡ್ಡವಾಯಿತು. ಅದನ್ನು ಮಾರದೆ ಅಜ್ಜಿ ತಾನೇ ಉಟ್ಟಳು; ಮೊದಲ ಹೀರೇಕಾಯಿಗಳನ್ನು ಆ ಗಿಡ್ಡ ಸೆರಗಿನಲ್ಲೇ ತುಂಬಿಕೊಂಡು, ನಗುತ್ತ ಓಣಿಗೆಲ್ಲ ಹಂಚಿ ಬಂದಳು.