ಬಾಳಿಗರ ಮನೆಯ ಬಾವುಟ

ಬೇಕಾದ ದೇಶದಲ್ಲಿ ನೋಂದಾಯಿಸಿಕೊಂಡು ಅಲ್ಲಿಯ ಕಾನೂನಿಗೆ ಮಾತ್ರ ಒಳಪಡುವ, ಹಡಗುಗಳಿಗಿದ್ದ ಸೌಕರ್ಯ ಮನೆಗಳಿಗೂ ಸಿಕ್ಕ ಮೇಲೆ, ಮಂಗಳೂರಿನ ವಾಮನ ಬಾಳಿಗರು ತಮ್ಮ ಮನೆಯನ್ನು ತಾವು ಕಂಡೇ ಇರದ ತೊರೇನಾ ಎಂಬ ದ್ವೀಪರಾಷ್ಟ್ರದಲ್ಲಿ ನೋಂದಾಯಿಸಿ, ತಾರಸಿಯ ಮೇಲೆ ಅದರ ಬಾವುಟ ಹಾರಿಸಿದ್ದರು. ಆ ದೇಶದಲ್ಲಿ ಮನೆ ತೆರಿಗೆಯಿಲ್ಲ. ಯಾರನ್ನೂ ಕೇಳದೆ ಎಷ್ಟು ಮಹಡಿ ಬೇಕಾದರೂ ಏರಿಸಬಹುದು. ಬಾಳಿಗರು ಎರಡು ಏರಿಸಿದ್ದರು.

ಅಡುಗೆಮನೆಗೆ ಬೆಂಕಿ ಬಿದ್ದ ದಿನ ಅಗ್ನಿಶಾಮಕ ವಾಹನ ಬೇಗನೇ ಬಂತು. ಬಂದು ಗೇಟಿನ ಹೊರಗೇ ನಿಂತಿತು.

"ಒಳಗೆ ವಿದೇಶ ಅಲ್ವಾ ಬಾಳಿಗರೇ," ಎಂದರು ಅಧಿಕಾರಿ ಸಾಲ್ಯಾನ್. "ಬಾವುಟ ಇಳಿಸಿ, ಈಗಲೇ ನೀರು ಬಿಡ್ತೇವೆ."

"ಇಳಿಸಿದ್ರೆ ನಾಳೆ ಮಹಡಿ ಒಡೀಲಿಕ್ಕೆ ಬರ್ತಾರೆ ಮಾರಾಯ್ರೆ."

"ಅದು ಬೇರೆ ಇಲಾಖೆ."

"ಇಳಿಸಿಬಿಡಿ, ಮನೆಯೇ ಹೋಗ್ತಾ ಉಂಟು," ಎಂದು ಹೆಂಡತಿ ವಸಂತಿ ಅಳತೊಡಗಿದರು.

ಅಂಗಳದವರೆಗೆ ಇಳಿಬಿದ್ದಿದ್ದ ಬಾವುಟದ ಹಗ್ಗವನ್ನು ಕೈಯಲ್ಲಿ ಹಿಡಿದು ಬಾಳಿಗರು ಯೋಚಿಸಿದರು. "ಅಡುಗೆಮನೆ ಒಂದನ್ನು ಮಾತ್ರ ಭಾರತಕ್ಕೆ ಸೇರಿಸಿದ್ರೆ ಆಗ್ತದಾ?"

"ಆಗ್ತದೆ. ಆದ್ರೆ ಅಲ್ಲಿಗೆ ಹೋಗ್ಲಿಕ್ಕೆ ನಿಮ್ಮ ಚಾವಡಿ ದಾಟಬೇಕಲ್ಲ?"

ಮಾತು ಮುಗಿಯುವ ಮೊದಲೇ ಬೆಂಕಿ ಎರಡೂ ಮಹಡಿ ದಾಟಿ ತಾರಸಿಗೇರಿ ಹಗ್ಗವನ್ನು ಸುಟ್ಟಿತು. ಬಾವುಟ ಅಂಗಳಕ್ಕೆ ಬಿತ್ತು.

ಸಾಲ್ಯಾನ್ ಸಿಬ್ಬಂದಿಯತ್ತ ತಿರುಗಿದರು. "ಈಗ ನಮ್ಮ ಊರಿನ ಮನೆ. ನೀರು ಬಿಡಿ."