ಉಷಾರಾಣಿಯವರ ಸರ್ವ್

ಚೆಂಡು ಈ ಸಲವೂ ಶರತ್‌ಚಂದ್ರನ ಕಿವಿಯ ಪಕ್ಕದಲ್ಲಿ ಸುಯ್ಯನೆ ಏರಿ ಹೋಗಿ ಹುಲ್ಲಿನ ಬಣವೆಗೆ ಬಡಿಯಿತು. ಅವನ ರಾಕೆಟ್ ಬರೀ ಗಾಳಿಗೆ ಏಟು ಕೊಟ್ಟಿತ್ತು.

"ಒಂದು ವಿಷಯ ಕೇಳ್ಬೇಕಿತ್ತು ಮೇಡಂ..."

"ಮೊದ್ಲು ನನ್ನ ಸರ್ವ್ ವಾಪಸ್ ಹೊಡೀರಿ. ವಿಷಯ ಆಮೇಲೆ," ಎಂದರು ಉಷಾರಾಣಿ.

ಗಂಡಸಿ ಊರಿನಲ್ಲಿ ಅವರ ಮನೆಯ ಸಿಮೆಂಟ್ ಕಣದಲ್ಲಿ ರಾಗಿ ಇಲ್ಲದ ದಿನಗಳಲ್ಲಿ ನೆಟ್ ಕಟ್ಟಿ ಟೆನಿಸ್ ಆಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ತೆಂಗಿನ ತೋಟವನ್ನೂ ಮಗಳನ್ನೂ ಒಬ್ಬರೇ ನಿಭಾಯಿಸಿದ ಉಷಾರಾಣಿ ಬೆನ್ನು ಬಾಗಿಸಿ, ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಉಜ್ಜಿ ಬಿಟ್ಟರೆಂದರೆ ಅದು ನೆಲಕ್ಕೆ ಬಿದ್ದು ಹುಚ್ಚು ಹಿಡಿದಂತೆ ತಲೆ ಮಟ್ಟಕ್ಕೆ ಪುಟಿಯುತ್ತಿತ್ತು. ಎದುರಿಗಿದ್ದವರು ಹಿಂದೆ ಹಿಂದೆ ಓಡಿ ಬೇಲಿಗೆ ತಗುಲಿಕೊಳ್ಳುತ್ತಿದ್ದರು.

ಶರತ್‌ಚಂದ್ರನಿಗೆ ಬೇಕಾಗಿದ್ದದ್ದು ಪಾಯಿಂಟಲ್ಲ. ಆ ಮನೆಯ ಹೆಣ್ಣಿಗೆ ಮನಸ್ಸು ಕೊಟ್ಟು ಅವನು ನಿದ್ದೆ ಕಳೆದುಕೊಂಡಿದ್ದ. ಮದುವೆಯ ಮಾತೆತ್ತಬೇಕಿತ್ತು. ಎತ್ತಲು ಹೋದಾಗಲೆಲ್ಲ ಈ ಹಾಳು ಚೆಂಡು ಅಡ್ಡ ಬರುತ್ತಿತ್ತು.

"ಹೆಣ್ಣು ತೋರಿಸಿ ತೋರಿಸಿ ನಾನೇ ಸೋತೆ ಕಣೋ," ಎಂದು ಅವನ ತಾಯಿ ಕಮಲಾಕ್ಷಮ್ಮ ಗೊಣಗುತ್ತಿದ್ದರು. "ಈಗ ಒಬ್ಬಳು ಹಿಡಿಸಿದಾಳೆ ಅಂತೀಯ. ಬಾಯಿ ಬಿಟ್ಟು ಕೇಳೋಕೇನು ರೋಗ?"

ಅವನ ಕೈ ಹಿಡಿದು ನಡೆಸಿದವಳು ಉಷಾರಾಣಿಯವರ ಮಗಳು ಸಿಂಧು. ಭಾನುವಾರ ಮಾದಿಹಳ್ಳಿಯಿಂದ ಬಂದವಳು ಅಮ್ಮನ ಮನೆಗೆ ಹೋಗುವ ಮೊದಲು ಗುಟ್ಟಾಗಿ ಅರಸೀಕೆರೆಯಲ್ಲಿ ಇಳಿಯುತ್ತಿದ್ದಳು. ಅವನ ತೆಂಗಿನಕಾಯಿ ಮಂಡಿಯ ಹಿತ್ತಿಲಲ್ಲಿ ಟ್ರ್ಯಾಕ್ಟರಿನ ಟ್ರೈಲರ್ ಹತ್ತಿ ನಿಂತು, ಅಮ್ಮನ ಸರ್ವಿನಂತೆ ಪುಟಿಯಲೆಂದು ಅಷ್ಟೆತ್ತರದಿಂದ ಚೆಂಡು ಬಾರಿಸುತ್ತಿದ್ದಳು.

"ಅಯ್ಯೋ, ಹಿಂದೆ ಹೋಗ್ಬೇಡ್ರೀ! ಹಿಂದೆ ಹೋದಷ್ಟೂ ಅದು ಮೇಲೇರುತ್ತೆ. ಏಳೋದ್ರೊಳಗೆ ನೀವೇ ಮುಂದೆ ನುಗ್ಗಿ, ಎದೆ ಮಟ್ಟದಲ್ಲೇ ಹಿಡೀರಿ. ಜೋರಾಗಿ ಬೀಸ್ಬೇಡಿ, ಸುಮ್ನೆ ತಳ್ಳಿ."

"ಆಟಕ್ಕೆ ಹೇಳ್ತಿದೀಯೋ, ಮದುವೆ ಮಾತಿಗೋ?"

"ಎರಡಕ್ಕೂ! ಅಮ್ಮ ಹೂಂ ಅಂದ್ರೆ ಮುಗೀತು. ಆಮೇಲೆ ಯಾರಾದ್ರೂ ತಕರಾರು ತೆಗೆದ್ರೆ ನಾನಿದೀನಿ."

ಅವಳು ನಕ್ಕಳು. ಥೇಟ್ ಅವಳಮ್ಮನ ನಗು. ಶರತ್‌ಚಂದ್ರನ ಎದೆ ಡವಡವ ಹೊಡೆದುಕೊಂಡಿತು.

ಮುಂದಿನ ಭಾನುವಾರ ಉಷಾರಾಣಿ ಹೇಳಿಬಿಟ್ಟರು: "ನಾಳೆಯಿಂದ ಕಣಕ್ಕೆ ರಾಗಿ ಬರುತ್ತೆ. ಈ ವರ್ಷಕ್ಕೆ ಇವತ್ತೇ ಕೊನೆ ಆಟ."

ಶರತ್‌ಚಂದ್ರ ಮೊಣಕಾಲಿನ ಬೆಲ್ಟನ್ನು ಮೇಲಕ್ಕೆಳೆದುಕೊಂಡು ನಿಂತ. ಕಣದಂಚಿನ ಕಟ್ಟೆಯ ಮೇಲೆ ಸಿಂಧು ಉಗುರು ಕಚ್ಚುತ್ತಿದ್ದಳು.

ಚೆಂಡು ಬಿತ್ತು. ಕಾಲು ಅಭ್ಯಾಸಬಲದಿಂದ ಹಿಂದೆ ಹೊರಟಿತು. ಅವನು ಹಲ್ಲು ಕಚ್ಚಿ ಮುಂದೆ ನುಗ್ಗಿದ. ಚೆಂಡು ಇನ್ನೂ ಏಳುತ್ತಿದ್ದಂತೆಯೇ ರಾಕೆಟ್ಟಿಗೆ ಸಿಕ್ಕಿತು. ಟಪ್! ನೆಟ್ಟಿನ ಮೇಲೆ ಸವರಿಕೊಂಡು ಹೋಗಿ ಮೂಲೆಯ ಗೆರೆಯ ಮೇಲೆ ಬಿತ್ತು. ಉಷಾರಾಣಿ ನಿಂತಲ್ಲೇ ನಿಂತಿದ್ದರು.

ಶರತ್‌ಚಂದ್ರ ಎರಡೂ ಕೈಯೆತ್ತಿ ಕುಣಿದೇಬಿಟ್ಟ. ಎಮ್ಮೆಗಳು ಮೇವು ಬಿಟ್ಟು ತಲೆಯೆತ್ತಿ ನೋಡಿದವು. ಇಷ್ಟು ಖುಷಿ ಅವನು ಹುಟ್ಟಿದಾಗಿನಿಂದ ಪಟ್ಟಿರಲಿಲ್ಲ.

"ಆಯ್ತು, ಈಗ ಕೇಳಿ," ಎಂದು ಉಷಾರಾಣಿ ನೆಟ್ ಹತ್ತಿರ ಬಂದರು.

ಅವನು ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕೇಳಿಬಿಟ್ಟ.

ಉಷಾರಾಣಿಯವರ ಮುಖ ಕೆಂಪೇರಿತು. ಅವನನ್ನು ನೋಡಿದರು. ಕಟ್ಟೆಯ ಕಡೆ ತಿರುಗಿದರು. "ಇದೆಲ್ಲ ನೀನು ಹೇಳಿಕೊಟ್ಟಿದ್ದೇನೇ?"

"ಚೆಂಡು ಹೊಡೆಯೋದಷ್ಟೇ ಅಮ್ಮ. ಮಿಕ್ಕಿದ್ದು ಅವರದ್ದೇ."

ಉಷಾರಾಣಿ ತಡೆಯಲಾರದೆ ನಕ್ಕರು. "ಹಂಗಾದ್ರೆ ನಿನ್ನ ಗಂಡನಿಗೂ ಅತ್ತೆಗೂ ನೀನೇ ಫೋನ್ ಮಾಡಿ ಹೇಳೇ, ನಮ್ಮಮ್ಮ ಮದುವೆ ಆಗ್ತಿದಾಳೆ ಅಂತ!"